ಸಂಶೋಧನಾ ಕೇಂದ್ರ ಬರಲಿ, ತೀರ್ಮಾನಿಸುವ ಅಧಿಕಾರವೂ ಜೊತೆಗೆ ಬರಲಿ

ಮಾನ್ಯ ಸಂಪಾದಕರೇ,

ಬಹುರಾಷ್ಟ್ರೀಯ ಕಂಪನಿಗಳ ಸಂಶೋಧನಾ ಮತ್ತು ತಾಂತ್ರಿಕ ಕೇಂದ್ರಗಳನ್ನು ಬೆಂಗಳೂರಿನಾಚೆಗೂ ತರಬೇಕೆಂಬ ಮಾತು ಈಚಿನ ವರ್ಷಗಳಲ್ಲಿ ಸರ್ಕಾರದ ಕಡೆಯಿಂದ ಮೇಲಿಂದ ಮೇಲೆ ಕೇಳಿಬರುತ್ತಿದೆ. 2024ರ ನವೆಂಬರ್‌ನಲ್ಲಿ ರಾಜ್ಯ ಸರ್ಕಾರ ಪ್ರಕಟಿಸಿದ ಜಾಗತಿಕ ಸಾಮರ್ಥ್ಯ ಕೇಂದ್ರಗಳ (ಬಹುರಾಷ್ಟ್ರೀಯ ಕಂಪನಿಗಳು ತಮ್ಮದೇ ಕೆಲಸಕ್ಕಾಗಿ ಇಲ್ಲಿ ತೆರೆಯುವ ಕಚೇರಿಗಳ) ನೀತಿಯು 2029ರೊಳಗೆ 500 ಹೊಸ ಕೇಂದ್ರಗಳನ್ನೂ 3.5 ಲಕ್ಷ ಉದ್ಯೋಗಗಳನ್ನೂ ಗುರಿಯಾಗಿ ಇಟ್ಟುಕೊಂಡಿದೆ. ಈ ಕೇಂದ್ರಗಳಲ್ಲಿ ಕೆಲವನ್ನಾದರೂ ಪಡೆಯಬೇಕೆಂದು ಹಂಬಲಿಸುತ್ತಿರುವ ಊರುಗಳಲ್ಲಿ ನಮ್ಮ ಹುಬ್ಬಳ್ಳಿ-ಧಾರವಾಡವೂ ಒಂದು. ಎಂಜಿನಿಯರಿಂಗ್ ಕಾಲೇಜಿನಲ್ಲಿ ಬಹುಕಾಲ ಪಾಠ ಹೇಳಿದ ನನಗೆ ಈ ಹಂಬಲ ಅರ್ಥವಾಗುತ್ತದೆ, ಅದನ್ನು ಮನಸಾರೆ ಸ್ವಾಗತಿಸುತ್ತೇನೆ. ಆದರೆ ಈ ಕುರಿತು ನಮ್ಮ ಭಾಗದಲ್ಲಿ ನಡೆಯುವ ಚರ್ಚೆಯೆಲ್ಲ ಎಷ್ಟು ಎಕರೆ ಜಮೀನು, ಎಷ್ಟು ನೌಕರಿ ಎಂಬಲ್ಲಿಗೇ ನಿಂತುಬಿಡುತ್ತಿದೆ. ಬರುವ ಕೇಂದ್ರದಲ್ಲಿ ಎಂಥ ಕೆಲಸ ನಡೆಯುತ್ತದೆ, ಆ ಕೆಲಸದ ಫಲದ ಒಡೆತನ ಯಾರದು, ಯಾವ ಸಮಸ್ಯೆಯ ಮೇಲೆ ದುಡಿಯಬೇಕೆಂದು ತೀರ್ಮಾನಿಸುವವರು ಎಲ್ಲಿ ಕುಳಿತಿರುತ್ತಾರೆ ಎಂಬ ಪ್ರಶ್ನೆಗಳನ್ನು ಜಮೀನು ಮತ್ತು ರಿಯಾಯಿತಿ ಕೊಡುವ ಮೊದಲೇ ಕೇಳಬೇಕು ಎಂದು ಒತ್ತಾಯಿಸುವುದಕ್ಕಾಗಿ ಈ ಪತ್ರ ಬರೆಯುತ್ತಿದ್ದೇನೆ.

ಕಂಪನಿಗಳ ಸಂಶೋಧನೆ ಬಹುಕಾಲ ಅವುಗಳ ಮುಖ್ಯ ಕಚೇರಿಯ ಆಸುಪಾಸನ್ನು ಬಿಟ್ಟು ಕದಲುತ್ತಿರಲಿಲ್ಲ. ಜನರಲ್ ಎಲೆಕ್ಟ್ರಿಕ್ ಕಂಪನಿ 1900ರಲ್ಲಿ ತನ್ನ ಪ್ರಯೋಗಾಲಯವನ್ನು ತೆರೆದದ್ದು ಅಮೆರಿಕದ ಸ್ಕೆನೆಕ್ಟಡಿಯಲ್ಲಿ, ತನ್ನ ಕಾರ್ಖಾನೆ ಇದ್ದ ಊರಿನಲ್ಲಿಯೇ. ಗುಟ್ಟು ಹೊರಬಿದ್ದೀತೆಂಬ ಅಂಜಿಕೆ ಒಂದು ಕಾರಣವಾದರೆ, ಪ್ರಯೋಗಾಲಯದವರೂ ಕಾರ್ಖಾನೆಯವರೂ ಮಾರಾಟದವರೂ ದಿನವೂ ಎದುರುಬದುರು ಕುಳಿತು ಮಾತಾಡಬೇಕಾಗುತ್ತದೆ ಎಂಬುದು ಇನ್ನೊಂದು. ಹೊರದೇಶದಲ್ಲಿ ಪ್ರಯೋಗಾಲಯ ತೆರೆದವರೂ ಊರು ನೋಡಿಯೇ ತೆರೆದರು. ಐಬಿಎಂ ಕಂಪನಿ 1956ರಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್ ಬಳಿ ಸಂಶೋಧನಾ ಕೇಂದ್ರವನ್ನು ಆರಂಭಿಸಿತು. 1986 ಮತ್ತು 1987ರಲ್ಲಿ, ಅಂದರೆ ಒಂದರ ಹಿಂದೊಂದು ಎರಡು ವರ್ಷ, ಭೌತಶಾಸ್ತ್ರದ ನೊಬೆಲ್ ಪ್ರಶಸ್ತಿ ಆ ಕೇಂದ್ರದ ವಿಜ್ಞಾನಿಗಳಿಗೆ ಸಂದಿತು. ಅವರಲ್ಲಿ ಹಲವರು ಪಕ್ಕದ ಜ್ಯೂರಿಕ್ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಓದಿದವರು. ಪರದೇಶದ ಕಂಪನಿಯೊಂದರ ಶಾಖೆ ಕೂಡ ಮೂಲ ಸಂಶೋಧನೆಯ ಮನೆಯಾಗಬಲ್ಲದು, ಆದರೆ ಅದಕ್ಕೆ ನೆರೆಯಲ್ಲಿ ಗಟ್ಟಿಯಾದ ವಿದ್ಯಾಸಂಸ್ಥೆ ಇರಬೇಕು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ತಿಳಿದಿಲ್ಲ.

ನಮ್ಮ ರಾಜ್ಯದ ಮಟ್ಟಿಗೆ ಈ ಕಥೆ ಶುರುವಾಗುವುದು 1985ರಲ್ಲಿ, ಅಮೆರಿಕದ ಚಿಪ್ ಕಂಪನಿಯಾದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿನಲ್ಲಿ ವಿನ್ಯಾಸ ಕೇಂದ್ರ ತೆರೆದು, ಉಪಗ್ರಹದ ಮೂಲಕ ಅಮೆರಿಕದ ತನ್ನ ಕಚೇರಿಯೊಂದಿಗೆ ಸಂಪರ್ಕ ಸಾಧಿಸಿದಾಗ. 1998ರಲ್ಲಿ ಜರ್ಮನಿಯ ಸಾಫ್ಟ್‌ವೇರ್ ಕಂಪನಿ ಸ್ಯಾಪ್, 2000ದಲ್ಲಿ ಜನರಲ್ ಎಲೆಕ್ಟ್ರಿಕ್, 2005ರಲ್ಲಿ ಮೈಕ್ರೋಸಾಫ್ಟ್ ತಮ್ಮ ಸಂಶೋಧನಾ ಕೇಂದ್ರಗಳನ್ನು ಅಲ್ಲಿ ತೆರೆದವು. 1995ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆ ಅಸ್ತಿತ್ವಕ್ಕೆ ಬಂದು, 2005ರಿಂದ ಔಷಧಿ ಮತ್ತು ರಾಸಾಯನಿಕಗಳಿಗೂ ಉತ್ಪನ್ನ ಪೇಟೆಂಟ್ (ತಯಾರಿಸುವ ವಿಧಾನಕ್ಕಷ್ಟೇ ಅಲ್ಲದೆ ವಸ್ತುವಿಗೇ ಸಿಗುವ ಏಕಸ್ವಾಮ್ಯದ ಹಕ್ಕು) ಕೊಡುವಂತೆ ನಮ್ಮ ಕಾನೂನು ಬದಲಾದ ಮೇಲೆ ಕಂಪನಿಗಳ ಹಳೆಯ ಅಂಜಿಕೆಯೂ ತಕ್ಕಮಟ್ಟಿಗೆ ಕರಗಿತು. ಇಂದು ದೇಶದಲ್ಲಿ ಇಂಥ 1,700ಕ್ಕೂ ಹೆಚ್ಚು ಕೇಂದ್ರಗಳಿದ್ದು, ಸುಮಾರು 19 ಲಕ್ಷ ಜನ ಅವುಗಳಲ್ಲಿ ದುಡಿಯುತ್ತಿದ್ದಾರೆ ಎಂದು ಉದ್ಯಮದ ಒಕ್ಕೂಟವಾದ ನಾಸ್ಕಾಂ 2024ರಲ್ಲಿ ಲೆಕ್ಕ ಕೊಟ್ಟಿದೆ. ಈ ಎಲ್ಲ ಕೇಂದ್ರಗಳಲ್ಲೂ ಸಂಶೋಧನೆ ನಡೆಯುತ್ತದೆ ಎಂದು ತಿಳಿಯಬಾರದು. ಲೆಕ್ಕಪತ್ರ, ವೇತನಪಟ್ಟಿ, ಗ್ರಾಹಕ ಸೇವೆ ನೋಡಿಕೊಳ್ಳುವ ಕಚೇರಿಗಳೂ ಇದೇ ಹೆಸರಿನಡಿ ಬರುತ್ತವೆ. ಅವೂ ಮರ್ಯಾದೆಯ ಕೆಲಸಗಳೇ. ಆದರೆ ಸಂಶೋಧನೆಗೆಂದು ಕೊಡುವ ರಿಯಾಯಿತಿ ಸಂಶೋಧನೆಗೇ ಸಲ್ಲಬೇಕು.

ನಿಜವಾಗಿಯೂ ಸಂಶೋಧನೆ ನಡೆಯುವಲ್ಲಿಯೂ ಎರಡು ಬಗೆಗಳಿವೆ. ಮುಖ್ಯ ಕಚೇರಿಯಲ್ಲಿ ರೂಪುಗೊಂಡ ವಸ್ತುವನ್ನು ಒಡೆದು, ಅದರ ಒಂದೊಂದು ತುಣುಕನ್ನು ಒಂದೊಂದು ದೇಶದ ಎಂಜಿನಿಯರುಗಳಿಂದ ಅಗ್ಗವಾಗಿಯೂ ಬೇಗನೆಯೂ ಮಾಡಿಸಿಕೊಳ್ಳುವುದು ಒಂದು ಬಗೆ. ಆ ಊರಿನ ಜನರಿಗೆ, ವೈದ್ಯರಿಗೆ, ರೈತರಿಗೆ, ಅಲ್ಲಿಯ ವಿದ್ಯಾಸಂಸ್ಥೆಗಳಿಗೆ ಮಾತ್ರ ಗೊತ್ತಿರುವುದನ್ನು ಅರಿತುಕೊಂಡು, ಬೇರೆಲ್ಲೂ ಹುಟ್ಟಲಾರದ ವಸ್ತುವನ್ನು ಅಲ್ಲಿಯೇ ಹುಟ್ಟಿಸುವುದು ಇನ್ನೊಂದು ಬಗೆ. ಜನರಲ್ ಎಲೆಕ್ಟ್ರಿಕ್‌ನ ಬೆಂಗಳೂರು ಕೇಂದ್ರದಲ್ಲಿ ರೂಪುಗೊಂಡ ಮ್ಯಾಕ್ 400 ಎಂಬ ಇಸಿಜಿ ಯಂತ್ರ ಎರಡನೆಯ ಬಗೆಗೆ ಸೇರಿದ್ದು. ದೊಡ್ಡ ಆಸ್ಪತ್ರೆಯ ದುಬಾರಿ ಯಂತ್ರ ಹಳ್ಳಿಯ ವೈದ್ಯರಿಗೆ ನಿಲುಕುವಂಥದ್ದಲ್ಲ, ಕರೆಂಟಿನ ಭರವಸೆಯೂ ಇಲ್ಲ ಎಂಬುದನ್ನು ಕಣ್ಣಾರೆ ಕಂಡ ಎಂಜಿನಿಯರುಗಳು ಬ್ಯಾಟರಿಯಿಂದ ನಡೆಯುವ, ಕೈಯಲ್ಲಿ ಹಿಡಿದೊಯ್ಯಬಹುದಾದ ಯಂತ್ರವನ್ನು ಮಾಡಿದರು. ಬಸ್ ನಿಲ್ದಾಣದಲ್ಲಿ ಟಿಕೆಟ್ ಮುದ್ರಿಸುವಂಥ ಸಣ್ಣ ಮುದ್ರಣ ಸಾಧನವನ್ನೇ ಅದಕ್ಕೆ ಅಳವಡಿಸಿದರು. ಮುಂದೆ ಆ ಸಾಲಿನ ಯಂತ್ರಗಳು ಶ್ರೀಮಂತ ದೇಶಗಳ ಮಾರುಕಟ್ಟೆಗೂ ಹೋದವು. ಇಂಥ ಉದಾಹರಣೆಗಳು ಇನ್ನೂ ಇವೆ, ಆದರೆ ಮೊದಲ ಬಗೆಯ ಕೆಲಸಕ್ಕೆ ಹೋಲಿಸಿದರೆ ಕಡಿಮೆಯೇ. ಬೆಂಗಳೂರಿನ ಕೇಂದ್ರವೊಂದರಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಹಬ್ಬಕ್ಕೆ ಊರಿಗೆ ಬಂದಾಗ ಹೇಳಿದ ಮಾತು ಇದು: "ಸರ್, ಪಗಾರ ಛಲೋ ಐತ್ರಿ, ಕೆಲಸಾನೂ ಛಲೋ ಐತ್ರಿ. ಆದ್ರ ನಾ ಮಾಡಿದ್ದು ಎಲ್ಲಿ ಹೋಗಿ ಕೂಡತೈತಿ ಅನ್ನೋದ ನಂಗ ಗೊತ್ತಾಗೂದಿಲ್ರಿ."

ಕೆಲಸದ ಗುಣಕ್ಕಿಂತಲೂ ನನ್ನನ್ನು ಹೆಚ್ಚು ಕಾಡುವುದು ತೀರ್ಮಾನ ಎಲ್ಲಿ ಆಗುತ್ತದೆ ಎಂಬ ಪ್ರಶ್ನೆ. ಆಸ್ಟ್ರಾಜೆನೆಕಾ ಎಂಬ ಔಷಧಿ ಕಂಪನಿ 2003ರಲ್ಲಿ ಬೆಂಗಳೂರಿನಲ್ಲಿ ಕ್ಷಯರೋಗದ ಸಂಶೋಧನೆಗೆಂದೇ ಕೇಂದ್ರವನ್ನು ತೆರೆಯಿತು. ಜಗತ್ತಿನಲ್ಲಿ ಅತಿ ಹೆಚ್ಚು ಕ್ಷಯರೋಗಿಗಳಿರುವ ದೇಶ ನಮ್ಮದು. ಬಡವರ ಕಾಯಿಲೆಯಾದ್ದರಿಂದ ಹೊಸ ಔಷಧಿಗಾಗಿ ಹಣ ಹಾಕುವವರು ಕಡಿಮೆ. ಅಂಥ ಕೇಂದ್ರಕ್ಕೆ ಇದಕ್ಕಿಂತ ತಕ್ಕ ಜಾಗವಿರಲಿಲ್ಲ. ಆದರೂ 2014ರ ಆರಂಭದಲ್ಲಿ, ಕಂಪನಿಯು ಕ್ಯಾನ್ಸರ್, ಹೃದ್ರೋಗ, ಮಧುಮೇಹ, ಉಸಿರಾಟದ ರೋಗಗಳ ಕಡೆಗೆ ಗಮನ ಹರಿಸುವುದೆಂದು ತನ್ನ ಜಾಗತಿಕ ಲೆಕ್ಕಾಚಾರದಲ್ಲಿ ನಿಶ್ಚಯಿಸಿದಾಗ, ಬೆಂಗಳೂರಿನ ಸಂಶೋಧನೆಯನ್ನು ಮುಚ್ಚುವ ತೀರ್ಮಾನ ಹೊರಬಿತ್ತು. ಇಲ್ಲಿಯ ವಿಜ್ಞಾನಿಗಳು ಕೆಲಸದಲ್ಲಿ ಹಿಂದೆ ಬಿದ್ದಿದ್ದರೆಂದು ಆದದ್ದಲ್ಲ ಇದು. ಇಲ್ಲಿಯ ರೋಗ ಅಲ್ಲಿಯ ಆದ್ಯತೆಯಾಗಿ ಉಳಿಯಲಿಲ್ಲ, ಅಷ್ಟೇ.

ಕೆಲಸ ಇಲ್ಲಿ, ತೀರ್ಮಾನ ಬೇರೆಲ್ಲೋ ಎಂಬ ಈ ಸಂಗತಿ ನಮ್ಮ ಭಾಗದ ಕಪ್ಪು ನೆಲಕ್ಕೆ ಹೊಸದೇನೂ ಅಲ್ಲ ಎಂಬುದನ್ನು ಇಲ್ಲಿಯ ಹಿರಿಯರು ಬಲ್ಲರು. 1840ರ ದಶಕದಲ್ಲಿ ಈಸ್ಟ್ ಇಂಡಿಯಾ ಕಂಪನಿಯು ಅಮೆರಿಕದ ಹತ್ತಿ ಬೆಳೆಗಾರರನ್ನು ಹಿಂದೂಸ್ತಾನಕ್ಕೆ ಕರೆಸಿ, ನ್ಯೂ ಆರ್ಲಿಯನ್ಸ್ ಬೀಜವನ್ನು ಊರೂರಿನ ಹೊಲಗಳಲ್ಲಿ ಪ್ರಯೋಗಿಸಿ ನೋಡಿತು. ಬಹಳ ಕಡೆ ಕೈಕೊಟ್ಟ ಆ ಪ್ರಯೋಗ ಕೈಹಿಡಿದದ್ದು ಧಾರವಾಡ ಸೀಮೆಯಲ್ಲಿ. 'ಧಾರವಾಡ ಅಮೆರಿಕನ್' ಎಂಬ ಹೆಸರಿನಲ್ಲಿ ಆ ಹತ್ತಿ ಪೇಟೆಯಲ್ಲಿ ಹೆಸರಾಯಿತು. ಗದಗ, ಹುಬ್ಬಳ್ಳಿಯ ಹತ್ತಿ ವ್ಯಾಪಾರ ಬೆಳೆದುದರ ಹಿಂದೆ ಅದೂ ಇದೆ. ಒಂದು ಕಂಪನಿ ತನ್ನ ದೇಶದಿಂದ ಸಾವಿರಾರು ಮೈಲಿ ದೂರದಲ್ಲಿ, ಮೂರನೆಯ ದೇಶದ ಬೀಜವನ್ನೂ ತಜ್ಞರನ್ನೂ ತಂದು, ನಮ್ಮ ಹೊಲದಲ್ಲಿ ಸಂಶೋಧನೆ ನಡೆಸಿತು ಎಂದರೆ ಇಂದಿನ ಭಾಷೆಯಲ್ಲಿ ಅದು ಜಾಗತಿಕ ಸಂಶೋಧನೆಯೇ. ಎಳೆ ಎಷ್ಟು ಉದ್ದವಿರಬೇಕು ಎಂಬ ಪ್ರಶ್ನೆ ಮಾತ್ರ ಇಲ್ಲಿಯ ಕೈಮಗ್ಗದ ನೇಕಾರರದಾಗಿರಲಿಲ್ಲ, ಇಂಗ್ಲೆಂಡಿನ ಲ್ಯಾಂಕಾಶೈರಿನ ಗಿರಣಿಗಳದಾಗಿತ್ತು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿಯ ಹತ್ತಿ ಆ ಗಿರಣಿಗಳಿಗೆ ಸಿಗದಾದಾಗ ನಮ್ಮ ಹತ್ತಿಗೆ ಬಂಗಾರದ ಬೆಲೆ ಬಂತು. ಯುದ್ಧ ನಿಂತೊಡನೆ ಆ ಬೆಲೆ ಕುಸಿಯಿತು.

ಅದಕ್ಕೆ ಪ್ರತಿಯಾಗಿ ಇನ್ನೊಂದು ಉದಾಹರಣೆಯನ್ನೂ ಈ ನೆಲವೇ ಕೊಟ್ಟಿದೆ. ಧಾರವಾಡದ ಕೃಷಿ ಸಂಶೋಧನಾ ಕೇಂದ್ರದಲ್ಲಿ ಸಾರ್ವಜನಿಕ ಹಣದಿಂದ, ನಮ್ಮವರೇ ಆದ ಬಿ.ಎಚ್. ಕಟರಕಿಯವರು 1972ರಲ್ಲಿ ಬಿಡುಗಡೆ ಮಾಡಿದ ವರಲಕ್ಷ್ಮಿ, ಎರಡು ಬೇರೆ ಬೇರೆ ಜಾತಿಯ ಹತ್ತಿಗಳನ್ನು ಕೂಡಿಸಿ ರೈತರ ಕೈಗೆ ಕೊಟ್ಟ ಮೊದಲ ಸಂಕರಣ ತಳಿ. ಅದರ ಬೆನ್ನಿಗೆ 1980ರ ದಶಕದ ಆರಂಭದಲ್ಲಿ ಡಿಸಿಎಚ್-32, ಅಂದರೆ ಜಯಲಕ್ಷ್ಮಿ ಬಂತು. ಉದ್ದ ಎಳೆಯ ಹತ್ತಿಯನ್ನು ಹೊರದೇಶದಿಂದ ತರಿಸುತ್ತಿದ್ದ ದೇಶಕ್ಕೆ ಇವು ಎಷ್ಟು ದೊಡ್ಡ ಆಸರೆಯಾದವು ಎಂಬುದನ್ನು ನಮ್ಮ ರೈತರಿಗೆ ಹೇಳಿಕೊಡಬೇಕಾಗಿಲ್ಲ. ಇಲ್ಲಿ ಪ್ರಶ್ನೆಯೂ ನಮ್ಮದು, ಉತ್ತರವೂ ನಮ್ಮದು, ತಂದೆತಾಯಿ ತಳಿಗಳೂ ನಮ್ಮ ಸಂಸ್ಥೆಯ ವಶದಲ್ಲಿದ್ದವು.

ಈಗ ಹಾವೇರಿ ಜಿಲ್ಲೆಯ ರಾಣೆಬೆನ್ನೂರಿನ ಕಡೆ ಹೋಗಿ ನೋಡಬೇಕು. ಟೊಮ್ಯಾಟೊ, ಮೆಣಸಿನಕಾಯಿ, ಬೆಂಡೆ ಮುಂತಾದ ತರಕಾರಿಗಳ ಹೈಬ್ರಿಡ್ ಬೀಜೋತ್ಪಾದನೆಗೆ ಆ ಭಾಗ ದೇಶಕ್ಕೇ ಹೆಸರಾಗಿದೆ. ಕಂಪನಿಯವರು ಗಂಡು ಸಾಲಿನ ಬೀಜ, ಹೆಣ್ಣು ಸಾಲಿನ ಬೀಜ ಎರಡನ್ನೂ ತಂದುಕೊಡುತ್ತಾರೆ. ಮೊಗ್ಗು ಬಿರಿಯುವ ಮೊದಲೇ ಅದರ ಗಂಡು ಭಾಗವನ್ನು ಚಿಮಟಿಗೆಯಿಂದ ಕಿತ್ತು, ಮರುದಿನ ಇನ್ನೊಂದು ಸಾಲಿನ ಪರಾಗವನ್ನು ಮುಟ್ಟಿಸುವ ಕ್ರಾಸಿಂಗ್ ಕೆಲಸವನ್ನು ಬಹುಪಾಲು ಹೆಣ್ಣುಮಕ್ಕಳು ಮಾಡುತ್ತಾರೆ. ಒಂದೊಂದು ಹೂವನ್ನೂ ಕೈಯಿಂದಲೇ ಮುಟ್ಟಬೇಕು. ಕಣ್ಣು, ಬೆರಳು, ಸಹನೆ ಮೂರೂ ಬೇಕಾದ ಕುಶಲ ಕೆಲಸ ಅದು. ಬೆಳೆದ ಬೀಜವನ್ನು ಕಂಪನಿ ಪರೀಕ್ಷಿಸಿ ಒಯ್ಯುತ್ತದೆ. ಯಾವ ತಳಿಗೆ ಯಾವ ತಳಿ ಕೂಡಿತು, ಆ ತಳಿಗಳು ಎಲ್ಲಿ ಹುಟ್ಟಿದವು ಎಂಬುದು ಬೆಳೆದವರಿಗೆ ತಿಳಿಯುವುದಿಲ್ಲ. ಇದರಿಂದ ಬಹಳಷ್ಟು ಕುಟುಂಬಗಳ ಕೈಯಲ್ಲಿ ಹಣ ಓಡಾಡಿದೆ ಎಂಬುದು ನಿಜ, ಅದನ್ನು ಹಗುರವಾಗಿ ಕಾಣುವ ಹಕ್ಕು ನನಗಿಲ್ಲ. ಆದರೆ ಇಷ್ಟು ವರ್ಷ ಇಷ್ಟು ಸೂಕ್ಷ್ಮ ಕೆಲಸ ನಡೆದ ತಾಲ್ಲೂಕಿನಲ್ಲಿ ಆ ಕೈಗಳ ಅರಿವು ತಳಿ ಅಭಿವೃದ್ಧಿಯ ಕಡೆಗೆ ಏರುವ ದಾರಿಯೊಂದು ತಾನಾಗಿಯೇ ಹುಟ್ಟಲಿಲ್ಲ. ನಾಳೆ ಹುಬ್ಬಳ್ಳಿಗೆ ಬರುವ ಕಂಪ್ಯೂಟರ್ ಕೇಂದ್ರವೂ, ಹೊಲದ ಬದಲು ಪರದೆಯ ಮೇಲೆ ನಡೆಯುವ ಕ್ರಾಸಿಂಗ್ ಪ್ಲಾಟ್ ಆಗಿಬಿಡಬಾರದು ಎಂಬುದೇ ನನ್ನ ಆತಂಕ.

ನಮ್ಮ ಸಂಸ್ಥೆಗಳು ಕಂಪನಿಗಳೊಡನೆ ಕೈಜೋಡಿಸುವಾಗ ಕರಾರನ್ನು ಎಷ್ಟು ಎಚ್ಚರದಿಂದ ಓದಬೇಕು ಎಂಬುದನ್ನು ಬಿಟಿ ಬದನೆಯ (ಕೀಟ ತಡೆಯುವ ಜೀನ್ ಸೇರಿಸಿದ ಕುಲಾಂತರಿ ಬದನೆಯ) ಪ್ರಕರಣ ಧಾರವಾಡಕ್ಕೆ ಕಲಿಸಿದೆ. ಮಹಿಕೋ ಬೀಜ ಕಂಪನಿ, ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯ ಮತ್ತು ಅಮೆರಿಕ ಸರ್ಕಾರದ ನೆರವಿನ ಯೋಜನೆಯೊಂದರಲ್ಲಿ ಧಾರವಾಡದ ಕೃಷಿ ವಿಶ್ವವಿದ್ಯಾಲಯವೂ ಪಾಲುದಾರನಾಗಿತ್ತು. ಉಡುಪಿ ಗುಳ್ಳ, ರಬಕವಿ, ಕುಡಚಿಯ ಬದನೆಯೂ ಸೇರಿದಂತೆ ನಮ್ಮ ಸ್ಥಳೀಯ ತಳಿಗಳಿಗೆ ಕಂಪನಿಯ ಜೀನನ್ನು ಸೇರಿಸಲಾಯಿತು. 2010ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಬಿಟಿ ಬದನೆಗೆ ತಡೆ ಹಾಕಿತು. ಅದೇ ವರ್ಷ, 2002ರ ಜೀವವೈವಿಧ್ಯ ಕಾಯ್ದೆಯನ್ವಯ ಪಡೆಯಬೇಕಾಗಿದ್ದ ಅನುಮತಿಯಿಲ್ಲದೆ ಈ ತಳಿಗಳನ್ನು ಬಳಸಲಾಗಿದೆ ಎಂಬ ದೂರು ದಾಖಲಾಯಿತು, 2011ರಲ್ಲಿ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರ ಕಾನೂನು ಕ್ರಮಕ್ಕೆ ಮುಂದಾಯಿತು. ತಪ್ಪು ಯಾರದೆಂದು ಹೇಳುವುದು ನ್ಯಾಯಾಲಯಗಳ ಕೆಲಸ, ನನ್ನದಲ್ಲ. ಬಿಟಿ ತಂತ್ರಜ್ಞಾನ ಬೇಕೇ ಬೇಡವೇ ಎಂಬ ವಾದಕ್ಕೂ ನಾನಿಲ್ಲಿ ಹೋಗುವುದಿಲ್ಲ. ಕುಡಚಿಯ ರೈತರು ತಲೆತಲಾಂತರದಿಂದ ಕಾಪಾಡಿಕೊಂಡು ಬಂದ ತಳಿಯೊಂದು ಪ್ರಯೋಗಾಲಯದ ಬಾಗಿಲು ದಾಟುವಾಗ ಅವರನ್ನು ಯಾರು ಕೇಳಬೇಕು ಎಂಬ ಪ್ರಶ್ನೆ ಒಪ್ಪಂದದ ಮೊದಲ ಪುಟದಲ್ಲಿರಬೇಕಿತ್ತು, ದೂರಿನ ಮೊದಲ ಪುಟದಲ್ಲಲ್ಲ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತು ದೊರೆತಿದೆ; ಅದರ ಬಣ್ಣದ ಸತ್ವಕ್ಕೆ ಆಹಾರ ಮತ್ತು ಸೌಂದರ್ಯ ಸಾಧನಗಳ ಉದ್ಯಮದಲ್ಲಿ ಬೇಡಿಕೆಯಿದೆ. ನಾಳೆ ಆ ಬಣ್ಣದ ಮೇಲೆ ಸಂಶೋಧನೆ ಮಾಡಲು ಯಾರಾದರೂ ಬಂದರೆ ಇದೇ ಪ್ರಶ್ನೆ ಮತ್ತೆ ಏಳುತ್ತದೆ.

ಹಾಗಾದರೆ ಬರುವವರಿಗೆ ಬಾಗಿಲು ಹಾಕಬೇಕೇ ಎಂದು ಯಾರಾದರೂ ಕೇಳಿದರೆ, ಖಂಡಿತ ಇಲ್ಲ ಎಂಬುದೇ ನನ್ನ ಉತ್ತರ. ತೈವಾನ್ ದೇಶದ ನಡೆಯನ್ನು ನೋಡಿ. 1973ರಲ್ಲಿ ಅಲ್ಲಿಯ ಸರ್ಕಾರ ಕೈಗಾರಿಕಾ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯನ್ನು ಕಟ್ಟಿತು. 1976ರಲ್ಲಿ ಅಮೆರಿಕದ ಆರ್‌ಸಿಎ ಕಂಪನಿಯಿಂದ ಚಿಪ್ ತಯಾರಿಕೆಯ ತಂತ್ರಜ್ಞಾನವನ್ನು ಹಣ ಕೊಟ್ಟು ಪಡೆದು, ತನ್ನ ತರುಣ ಎಂಜಿನಿಯರುಗಳನ್ನು ಅಲ್ಲಿಗೇ ಕಳಿಸಿ ಕಲಿಸಿತು. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನಲ್ಲಿ ಎರಡು ದಶಕಕ್ಕೂ ಹೆಚ್ಚು ಕಾಲ ದುಡಿದ ಮಾರಿಸ್ ಚಾಂಗ್ ಅವರನ್ನು ಮುಂದೆ ಆ ಸಂಸ್ಥೆಗೆ ಕರೆತಂದಿತು. 1987ರಲ್ಲಿ ಅವರ ನೇತೃತ್ವದಲ್ಲಿ ಹುಟ್ಟಿದ ಟಿಎಸ್‌ಎಂಸಿ ಇಂದು ಜಗತ್ತಿನ ಅತ್ಯಾಧುನಿಕ ಚಿಪ್‌ಗಳನ್ನು ತಯಾರಿಸುತ್ತದೆ. ಅದೇ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಅದಕ್ಕೆ ಎರಡು ವರ್ಷ ಮೊದಲೇ ನಮ್ಮ ಬೆಂಗಳೂರಿಗೆ ಬಂದಿತ್ತು. ಬಂದ ಅರಿವನ್ನು ಹಿಡಿದಿಟ್ಟುಕೊಂಡು ಬೆಳೆಸುವ ಸಂಸ್ಥೆ ಅಲ್ಲಿ ಸಿದ್ಧವಾಗಿತ್ತು, ಸರ್ಕಾರ ಅದರ ಬೆನ್ನಿಗೆ ವರ್ಷಗಟ್ಟಲೆ ನಿಂತಿತ್ತು. ನಮ್ಮ ದೇಶ ಇಂದಿಗೂ ಸಂಶೋಧನೆಗೆ ಖರ್ಚು ಮಾಡುವುದು ಒಟ್ಟು ದೇಶೀಯ ಉತ್ಪನ್ನದ ಶೇ 0.64ರಷ್ಟು ಮಾತ್ರ; ದಕ್ಷಿಣ ಕೊರಿಯಾದಲ್ಲಿ ಅದು ಶೇ 5ರ ಹತ್ತಿರವಿದೆ. ಅಲ್ಲಿ ಆ ಖರ್ಚಿನ ಮುಕ್ಕಾಲು ಪಾಲನ್ನು ಉದ್ಯಮಗಳೇ ಹೊರುತ್ತವೆ, ನಮ್ಮಲ್ಲಿ ಖಾಸಗಿ ಉದ್ಯಮಗಳ ಪಾಲು ಶೇ 40ನ್ನೂ ಮುಟ್ಟುವುದಿಲ್ಲ. ನಮ್ಮ ಉದ್ಯಮಿಗಳೂ ಈ ಲೆಕ್ಕದ ಮುಂದೆ ತಲೆತಗ್ಗಿಸಬೇಕಾಗುತ್ತದೆ.

ಬಂದ ಅರಿವನ್ನು ಹಿಡಿದಿಟ್ಟುಕೊಳ್ಳುವ ನೆಲೆ ಎಂಬುದು ನಮ್ಮಲ್ಲಿ ಇಲ್ಲವೇ ಇಲ್ಲ ಎಂದೇನೂ ಅಲ್ಲ. ಹುಬ್ಬಳ್ಳಿಯ ಬಿವಿಬಿ ಎಂಜಿನಿಯರಿಂಗ್ ಕಾಲೇಜು ಈಗ ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯವಾಗಿದೆ. 2015ರಲ್ಲಿ ಐಐಐಟಿ, 2016ರಲ್ಲಿ ಐಐಟಿ ಧಾರವಾಡಕ್ಕೆ ಬಂದಿವೆ. ಕೃಷಿ ವಿಶ್ವವಿದ್ಯಾಲಯವಿದೆ, ಕರ್ನಾಟಕ ವಿಶ್ವವಿದ್ಯಾಲಯವಿದೆ. ಗೋಕುಲ ರಸ್ತೆ, ತಾರಿಹಾಳ, ಬೇಲೂರು ಕೈಗಾರಿಕಾ ಪ್ರದೇಶಗಳಲ್ಲಿ ವಾಲ್ವ್, ಎರಕ, ಯಂತ್ರಭಾಗ ಮಾಡುವ ಕುಶಲ ಕೈಗಳಿವೆ. 2005ರಲ್ಲಿ ಹುಬ್ಬಳ್ಳಿಯಲ್ಲಿ ಶುರುವಾದ ಸಂಕಲ್ಪ ಸೆಮಿಕಂಡಕ್ಟರ್ ಕಂಪನಿ ಈ ಊರಿನ ಹುಡುಗ ಹುಡುಗಿಯರಿಂದಲೇ ಚಿಪ್ ವಿನ್ಯಾಸ ಮಾಡಿಸಬಹುದೆಂದು ತೋರಿಸಿತು; 2019ರಲ್ಲಿ ಎಚ್‌ಸಿಎಲ್ ಅದನ್ನು ಕೊಂಡಿತು. ಇಂಥ ಇನ್ನೂ ಹತ್ತು ಕಂಪನಿಗಳು ಇಲ್ಲಿ ಹುಟ್ಟಬೇಕು, ಬೆಳೆದ ಮೇಲೂ ಇಲ್ಲಿಯೇ ಉಳಿಯಬೇಕು. ಆದ್ದರಿಂದ ಸರ್ಕಾರವನ್ನೂ ನಮ್ಮ ಭಾಗದ ಶಾಸಕರು, ಸಂಸದರನ್ನೂ ನಾನು ಕೇಳಿಕೊಳ್ಳುವುದು ಇದು. ಸಂಶೋಧನೆಯ ಹೆಸರಿನಲ್ಲಿ ಜಮೀನು ಅಥವಾ ರಿಯಾಯಿತಿ ಪಡೆಯುವ ಕಂಪನಿ, ಆರಂಭದಿಂದ ಕೊನೆಯವರೆಗೆ ಸಂಪೂರ್ಣವಾಗಿ ಇಲ್ಲಿಯೇ ನಡೆಯುವ ಒಂದಾದರೂ ಉತ್ಪನ್ನದ ಹೊಣೆಯನ್ನು ಇಲ್ಲಿಯ ಕೇಂದ್ರಕ್ಕೆ ಒಪ್ಪಿಸಬೇಕೆಂದು ಕರಾರಿನಲ್ಲಿ ಬರೆಯಿಸಿಕೊಳ್ಳಲಿ. ಮಾದರಿ ತಯಾರಿಕೆಯ ಕೆಲಸವನ್ನು ತಾರಿಹಾಳ, ಬೇಲೂರಿನ ಸಣ್ಣ ಕಾರ್ಖಾನೆಗಳಿಗೆ ಕೊಟ್ಟರೆ ಅವುಗಳ ಕೌಶಲವೂ ಏರುತ್ತದೆ. ಇಲ್ಲಿಯವರು ಶೋಧಕರಾಗಿ ಹೆಸರಿಸಲ್ಪಟ್ಟ ಪೇಟೆಂಟ್‌ಗಳೆಷ್ಟು, ಸ್ಥಳೀಯ ವಿದ್ಯಾಸಂಸ್ಥೆಗಳೊಡನೆ ನಡೆದ ಜಂಟಿ ಸಂಶೋಧನೆ ಎಷ್ಟು ಎಂಬುದನ್ನು ಪ್ರತಿ ವರ್ಷ ಸಾರ್ವಜನಿಕರ ಮುಂದಿಡಲಿ. ಮುಂದಿನ ವರ್ಷದ ರಿಯಾಯಿತಿ ಅದನ್ನು ನೋಡಿ ನಿರ್ಧಾರವಾಗಲಿ. ಕೇಂದ್ರವನ್ನು ಮುಚ್ಚುವ ಸಂದರ್ಭ ಬಂದರೆ ಅರ್ಧಕ್ಕೆ ನಿಂತ ಸಂಶೋಧನೆಯನ್ನು ಸಾರ್ವಜನಿಕ ಸಂಸ್ಥೆಯೊಂದು ಮುಂದುವರಿಸಲು ಅವಕಾಶವಿರಬೇಕು. ಕ್ಷಯರೋಗದ ಕೇಂದ್ರದ ವಿಷಯದಲ್ಲಿ ಅಂಥ ಕರಾರಿನ ಬೆಲೆ ಏನಿರುತ್ತಿತ್ತೆಂದು ಯಾರೂ ಊಹಿಸಬಹುದು.

ಶೋಧಕರ ಹಕ್ಕಿನ ಬಗ್ಗೆಯೂ ಒಂದು ಮಾತು ಹೇಳಬೇಕು, ಇದು ಕೇಂದ್ರ ಸರ್ಕಾರಕ್ಕೆ ಸಂಬಂಧಿಸಿದ್ದು. ಜರ್ಮನಿಯಲ್ಲಿ 1957ರಿಂದಲೇ, ನೌಕರನು ಮಾಡಿದ ಶೋಧವನ್ನು ಕಂಪನಿ ಬಳಸಿಕೊಂಡರೆ ಆತನಿಗೆ ಸಂಬಳದ ಹೊರತಾಗಿ ತಕ್ಕ ಪ್ರತಿಫಲ ಕೊಡಬೇಕೆಂಬ ಕಾನೂನಿದೆ. ಜಪಾನಿನಲ್ಲಿ ನೀಲಿ ಎಲ್‌ಇಡಿ ದೀಪದ ಶೋಧಕರಲ್ಲಿ ಒಬ್ಬರಾದ ಶುಜಿ ನಕಾಮುರಾ ತಮ್ಮ ಹಳೆಯ ಕಂಪನಿಯ ವಿರುದ್ಧ ನ್ಯಾಯಾಲಯಕ್ಕೆ ಹೋಗಿ, 2005ರಲ್ಲಿ ರಾಜಿಯಾಗಿ ಸುಮಾರು 84 ಕೋಟಿ ಯೆನ್ ಪಡೆದರು. ಅದಕ್ಕೆ ಮುಂಚೆ ಆ ಶೋಧಕ್ಕಾಗಿ ಅವರಿಗೆ ಸಿಕ್ಕಿದ್ದು ಸುಮಾರು 20 ಸಾವಿರ ಯೆನ್ ಮಾತ್ರ. ನಮ್ಮ 1970ರ ಪೇಟೆಂಟ್ ಕಾಯ್ದೆಯಲ್ಲಿ ನೌಕರ ಶೋಧಕನಿಗೆ ಇಂಥ ಪ್ರತಿಫಲದ ಹಕ್ಕು ಇಲ್ಲ. ನೌಕರಿಗೆ ಸೇರುವ ದಿನ ಸಹಿ ಹಾಕಿದ ಕರಾರೇ ಕೊನೆಯ ಮಾತು. ಲಕ್ಷಾಂತರ ಎಂಜಿನಿಯರುಗಳು ಜಗತ್ತಿನ ಕಂಪನಿಗಳಿಗಾಗಿ ಶೋಧ ನಡೆಸುತ್ತಿರುವ ದೇಶದಲ್ಲಿ ಈ ಕೊರತೆಯನ್ನು ತುಂಬಲು ಇನ್ನೂ ತಡಮಾಡಬಾರದು. ಧಾರವಾಡ, ಹಾವೇರಿ, ಗದಗ ಭಾಗದ ಸಂಸದರು ಈ ತಿದ್ದುಪಡಿಯನ್ನು ಲೋಕಸಭೆಯಲ್ಲಿ ಪ್ರಸ್ತಾಪಿಸಬೇಕೆಂದು ತಮ್ಮ ಪತ್ರಿಕೆಯ ಮೂಲಕ ವಿನಂತಿಸುತ್ತೇನೆ.

ತಮ್ಮ ವಿಶ್ವಾಸಿ,
ನಿವೃತ್ತ ಎಂಜಿನಿಯರಿಂಗ್ ಅಧ್ಯಾಪಕ,
ಧಾರವಾಡ